ಯಾದಿಯಲ್ಲಿ ಬರೆದ ಷೇರು

ನಾದಿನಿಯ ಮದುವೆಯ ಯಾದಿ ಬರೆಯಲು ಮುಧೋಳದಿಂದ ಬೀಗರು ಬಂದ ದಿನ ನಮ್ಮ ಬನಹಟ್ಟಿಯ ಮನೆಯಲ್ಲಿ ನಾಲ್ಕೂ ಮಗ್ಗ ನಿಲ್ಲಿಸಿದ್ದೆವು. ಪವರ್‌ಲೂಮ್ ನಡೆಯುತ್ತಿದ್ದರೆ ಪಕ್ಕದವರ ಮಾತೂ ಕಿವಿಗೆ ಬೀಳುವುದಿಲ್ಲ. ಯಾದಿ ಎಂದರೆ ಮದುವೆಯ ಯಾವ ಖರ್ಚು ಯಾರದು ಎಂದು ಎರಡೂ ಕಡೆಯ ಹಿರಿಯರು ಕುಳಿತು ಬರೆಯುವ ಪಟ್ಟಿ. ಗಟ್ಟಿಯಾಗಿ ಓದಿ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿದರೆ ಮುಗಿಯಿತು, ಆಮೇಲೆ ಒಂದಕ್ಷರ ತಿದ್ದುವಂತಿಲ್ಲ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಪಡಸಾಲೆಯ ಪ್ರತಿ ಮಾತೂ ಕೇಳುತ್ತಿತ್ತು.

"ಹುಡುಗಿಗಿ ಹತ್ತು ತೊಲಿ ಬಂಗಾರ ನಮ್ಮದು. ಮದವಿ ಕಾರ್ಯಾಲಯದ ಬಾಡಗಿ ನಮ್ಮದು, ಎರಡೂ ಕಡೀ ಊಟಾನೂ ನಮ್ಮದ," ಎಂದು ನನ್ನ ಗಂಡ ಹೇಳುತ್ತಿದ್ದರು. "ಬರಕೋರಿ, ಏನೂ ವಿಚಾರ ಮಾಡಬ್ಯಾಡ್ರಿ. ನಮ್ಮ ಮನ್ಯಾಕಿ ಹೆಸರಲೆ ಕಂಪನಿ ಶೇರ ಅದಾವು. ದೀಪಾವಳಿಗಿ ಕಂಪನಿ ಬಜಾರಕ್ಕ ಬರತೈತಿ."

ಚಹಾ ಲೋಟದ ಹೊರಗೆ ಸುರಿಯುತ್ತಿದ್ದದ್ದು ಕೈ ಸುಟ್ಟಾಗಲೇ ಗೊತ್ತಾದದ್ದು.

ನಾನು ಕೆಲಸ ಮಾಡುವುದು ರಬಕವಿಯಲ್ಲಿ, ನೇಕಾರರಿಂದ ಸೀರೆ ಕೊಂಡು ಮೊಬೈಲಿನಲ್ಲಿ ಮಾರುವ ಒಂದು ಸ್ಟಾರ್ಟಪ್‌ನಲ್ಲಿ. ಕಂಪನಿ ಶುರುವಾದ ವರ್ಷದಿಂದಲೂ ಇದ್ದೇನೆ. ಅಂಚು, ಸೆರಗು ಹಿಡಿದು ನೋಡುವುದು, ಎಳೆ ತಪ್ಪಿದ ಸೀರೆ ವಾಪಸು ಮಾಡಿ ನೇಕಾರರಿಂದ ಬೈಸಿಕೊಳ್ಳುವುದು, ಇದೇ ನನ್ನ ಕೆಲಸ. ಸಂಬಳ ಅಷ್ಟಕ್ಕಷ್ಟೇ. ಅದರ ಬದಲಿಗೆ ಮೂರು ವರ್ಷದ ಹಿಂದೆ ಷೇರಿನ ಪತ್ರ ಕೊಟ್ಟರು. ಅದರಲ್ಲಿದ್ದ ಸಂಖ್ಯೆ ನೋಡಿಯೇ ನನ್ನ ತಲೆ ತಿರುಗಿತು. ಕೆಳಗಿದ್ದ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಯಾರಿಗಿತ್ತು? ಪತ್ರವನ್ನು ದೇವರ ಮುಂದಿಟ್ಟು ಕೈ ಮುಗಿದು, ಓಣಿಯ ತುಂಬ ಪೇಢೆ ಹಂಚಿದೆ. ಅಷ್ಟು ಸಾಲದೆಂದು ಕಂಪನಿಯ ಬೆಲೆ ಹೀಗೇ ಏರಿದರೆ ಇಷ್ಟು ಲಕ್ಷ, ಅಷ್ಟು ಲಕ್ಷ ಎಂದು ಊಟಕ್ಕೆ ಕುಳಿತಾಗಲೆಲ್ಲ ಹೇಳಿದೆ. ಗಂಡ ಕೇಳಿದರು, ಮಾವ ಕೇಳಿದರು, ನಾದಿನಿಯೂ ಕೇಳಿದಳು.

ದೀಪಾವಳಿಗೆ ಕಂಪನಿ ಷೇರು ಮಾರುಕಟ್ಟೆಗೆ ಬರುತ್ತದೆ, ಬೇಕಾದವರು ಅದಕ್ಕೆ ಮೊದಲೇ ತಮ್ಮ ಷೇರು ತೆಗೆದುಕೊಳ್ಳಬಹುದು ಎಂದು ಆಫೀಸಿನಿಂದ ಮೇಲ್ ಬಂತು. ಕೇಳಿ ತಿಳಿಯೋಣವೆಂದು ಯಾದಿಗೆ ಎರಡು ದಿನ ಮೊದಲು ಬಸ್ಸು ಹತ್ತಿ ಜಮಖಂಡಿಗೆ, ತೆರಿಗೆ ಲೆಕ್ಕ ನೋಡುವ ಒಬ್ಬರ ಹತ್ತಿರ ಹೋದೆ. ನಾನು ಓದದ ಸಣ್ಣ ಅಕ್ಷರಗಳನ್ನೆಲ್ಲ ಅವರು ಓದಿದರು.

"ನಿಮ್ಮ ಕಡೆ ಶೇರ ಇಲ್ರಿ ಅಕ್ಕಾರ," ಎಂದರು. "ಶೇರ ಕೊಳ್ಳೂ ಹಕ್ಕ ಅಷ್ಟ ಐತಿ. ಕೊಳ್ಳಾಕ ನೀವ ರೊಕ್ಕಾ ಕಟ್ಟಬೇಕು. ಕೊಂಡ ದಿನದ ಬೆಲಿ ನೀವು ಕಟ್ಟಿದ್ದಕ್ಕಿಂತ ಹೆಚ್ಚಿದ್ರ, ಆ ಹೆಚ್ಚಿಂದು ನಿಮ್ಮ ಪಗಾರ ಅಂತ ಹಿಡದು ತೆರಿಗಿ ಮುರಕೋತಾರ. ನೀವು ಒಂದೂ ಶೇರ ಮಾರಿರಂಗಿಲ್ಲ, ಆದರೂ ತೆರಿಗಿ."

ಆ ಹಕ್ಕೂ ನಾಲ್ಕು ವರ್ಷಗಳಲ್ಲಿ ವರ್ಷಕ್ಕಿಷ್ಟು ಎಂದು ಬರುವಂಥದ್ದು, ನಾಲ್ಕನೆಯ ವರ್ಷದ ಪಾಲು ಇನ್ನೂ ಬಂದೇ ಇರಲಿಲ್ಲ. ಕಂಪನಿ ಮಾರುಕಟ್ಟೆಗೆ ಬರುವುದೂ ಖಾತ್ರಿಯಲ್ಲ. ಸಾಲ ಮಾಡಿ ಕೊಳ್ಳಬೇಡಿ, ಕಳೆದುಹೋದರೂ ಸಂಸಾರಕ್ಕೆ ತೊಂದರೆಯಾಗದಷ್ಟು ಹಣವನ್ನು ಮಾತ್ರ ಹಾಕಿ, ಬರುವ ಮೊದಲೇ ಅದನ್ನು ಯಾವ ಖರ್ಚಿಗೂ ಗೊತ್ತು ಮಾಡಬೇಡಿ ಎಂದು ಅವರು ಮೂರು ಸಲ ಹೇಳಿದರು. ನಾನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ಯಾದಿ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಯಾದಿಯೊಳಗೇ ಆ ಷೇರು ಬಂದು ಕೂಡುತ್ತದೆಂದು ನನಗೆ ಹೊಳೆದಿರಲಿಲ್ಲ.

ಪಡಸಾಲೆಯಲ್ಲಿ ನಮ್ಮ ಕಡೆಯ ಹಿರಿಯರು ಬರೆದದ್ದನ್ನು ಓದಲು ಶುರು ಮಾಡಿದರು. ಕುಂಕುಮದ ಬಟ್ಟಲು ಅವರ ಪಕ್ಕದಲ್ಲೇ ಇತ್ತು. ಗಂಡನನ್ನು ಒಳಗೆ ಕರೆಯಬಹುದಿತ್ತು, ಆದರೆ ಅಷ್ಟು ಹೊತ್ತು ಉಳಿದಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಚಹಾದ ತಟ್ಟೆ ನಡುವೆ ಇಟ್ಟೆ.

"ಹತ್ತು ತೊಲಿ ಬರೀಬ್ಯಾಡ್ರಿ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಶೇರ ಇನ್ನೂ ನನ್ನವು ಆಗಿಲ್ರಿ. ಬಜಾರಕ್ಕ ಬರತಾವೋ ಇಲ್ಲೋ ಗೊತ್ತಿಲ್ಲ. ಅವನ್ನ ನಂಬಿ ಮಾತು ಕೊಡಬ್ಯಾಡ್ರಿ."

ಗಂಡನ ಮುಖ ಕಪ್ಪಿಟ್ಟಿತು. "ಏನ ಮಾತಾಡಾಕತ್ತಿ? ಓಣಿ ತುಂಬ ಪೇಢೆ ಹಂಚಿದಾಕಿ ನೀನ ಅಲ್ಲೇನು?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬಾಯಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಆದರೆ ಅವರು ಹೇಳಿದ್ದು ನಿಜ. "ನಾನ ರೀ," ಎಂದೆ. "ಓದಲಾರದ ಹಂಚಿದ್ನಿ. ತಪ್ಪು ನಂದ."

ಒಳಕೋಣೆಯ ಬಾಗಿಲಲ್ಲಿ ನಾದಿನಿ ಹೊಸ ಸೀರೆ ಉಟ್ಟು ನಿಂತಿದ್ದಳು. ಅವಳು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಮದುವೆ ಮುರಿದರೆ ಅದು ನನ್ನಿಂದಲೇ ಎಂದು ಆ ಕಣ್ಣು ಹೇಳುತ್ತಿತ್ತು.

ಹುಡುಗನ ತಂದೆ ಮುಧೋಳದಲ್ಲಿ ಬಟ್ಟೆ ಅಂಗಡಿ ಇಟ್ಟವರು. ನನ್ನತ್ತ ತಿರುಗಿ, "ಹಂಗಾರ ಇವತ್ತ ನಿಮ್ಮ ಕೈಯಾಗ ಏನೈತ್ರೀ?" ಎಂದು ಕೇಳಿದರು.

"ಮೂರು ತೊಲಿ," ಎಂದೆ. ಅಷ್ಟು ಬಂಗಾರಕ್ಕೆ ಆಗುವ ಹಣವನ್ನು ನಾನು ಸಂಬಳದಲ್ಲಿ ಉಳಿಸಿದ್ದೆ. "ಊಟದ ಖರ್ಚಿನಾಗ ಅರ್ಧಾ."

ಅವರು ವಿಚಾರ ಮಾಡಲು ತಮ್ಮವರನ್ನು ಕರೆದುಕೊಂಡು ಓಣಿಗೆ ಇಳಿದರು. ನಾವು ಕುಳಿತಲ್ಲೇ ಕುಳಿತೆವು. ಮಾವ ಮಗ್ಗದ ಕಡೆ ಮುಖ ಮಾಡಿದ್ದರು. ಗಂಡ ನೆಲ ನೋಡುತ್ತಿದ್ದರು. ಯಾರೂ ಮುಟ್ಟದ ಚಹಾದ ಮೇಲೆ ಕೆನೆ ಕಟ್ಟಿತು. ಎಷ್ಟು ಹೊತ್ತಾಯಿತೋ, ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿ ಹೋಗೇಬಿಟ್ಟರು ಅಂದುಕೊಂಡೆ.

ಅದು ಹುಡುಗನ ತಂದೆ ಕಾರಿನಿಂದ ಕನ್ನಡಕ ತೆಗೆದುಕೊಂಡ ಸದ್ದು. ಒಳಗೆ ಬಂದು ಕನ್ನಡಕ ಹಾಕಿಕೊಂಡು ಯಾದಿ ತೆಗೆದುಕೊಂಡರು. ಷೇರು ನಂಬಿ ಬರೆಸಿದ ಸಾಲುಗಳಿಗೆ ತಾವೇ ಅಡ್ಡಗೆರೆ ಎಳೆದು, "ಮೂರು ತೊಲಿ ಬರೀರಿ. ಊಟ ಅರ್ಧಾ ಅರ್ಧಾ," ಎಂದರು. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಆದರೂ ಕಾಗದಕ್ಕೆ ಕುಂಕುಮ ಬಿತ್ತು.

ಮದುವೆ ಕಾರ್ಯಾಲಯ ಬಿಟ್ಟು ಮನೆಯ ಮುಂದೆಯೇ ಚಿಕ್ಕದಾಗಿ ಆಯಿತು. ನಾದಿನಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಗಂಡನ ಮನೆಗೆ ಹೊರಟಾಗಲೂ ಎಲ್ಲರ ಕಾಲಿಗೆ ಬಿದ್ದಂತೆ ನನ್ನ ಕಾಲಿಗೂ ಬಿದ್ದಳು, ಮುಖ ಮಾತ್ರ ನೋಡಲಿಲ್ಲ. ಸಂಕಟವಾಯಿತು, ಸಿಟ್ಟೂ ಬಂತು. ಕಳೆದರೆ ಕಳೆಯಲಿ ಎನ್ನುವಷ್ಟು ಹಣ ಕೂಡಿದ ಮೇಲೆ ನನ್ನ ಪಾಲಿನಲ್ಲಿ ಕೆಲವೇ ಷೇರು ಕೊಂಡು, ಉಳಿದದ್ದನ್ನು ಹಾಗೇ ಬಿಟ್ಟೆ. ಈ ಸಲ ಮನೆಯಲ್ಲಿ ಒಬ್ಬರಿಗೂ ಲಕ್ಷದ ಮಾತು ಹೇಳಲಿಲ್ಲ.

ದೀಪಾವಳಿಗೆ ಹತ್ತು ದಿನ ಇರುವಾಗ, ಆಫೀಸಿನಲ್ಲಿ ಸೀರೆ ಮಡಚುತ್ತಿದ್ದಾಗ ಮೇಲ್ ಬಂತು. ಮಾರುಕಟ್ಟೆಗೆ ಬರುವುದನ್ನು ಮುಂದೂಡಲಾಗಿದೆ, ಮುಂದಿನ ದಿನಾಂಕ ಗೊತ್ತಿಲ್ಲ ಎಂದಿತ್ತು. ಗಂಡನಿಗಿಂತ ಮೊದಲು ನಾದಿನಿಗೆ ಫೋನ್ ಮಾಡಿದೆ. ಎತ್ತುತ್ತಾಳೆಂಬ ನಂಬಿಕೆ ಇರಲಿಲ್ಲ. ಎತ್ತಿದಳು. ಸುದ್ದಿ ಹೇಳಿದೆ.

ಅವಳ ಅತ್ತೆ ಪಕ್ಕದಲ್ಲಿರಬೇಕು, ಅವಳು ಎದ್ದು ಹೊರಗೆ ಹೋದ ಸಪ್ಪಳವಾಯಿತು. "ಹತ್ತು ತೊಲಿ ಅಂತ ಯಾದ್ಯಾಗ ಇದ್ದಿದ್ರ, ನಾ ಇವತ್ತ ಈ ಮನ್ಯಾಗ ಹೆಂಗ ತಲಿ ಎತ್ತತಿದ್ನಿ ವೈನಿ," ಎಂದಳು. ಆಮೇಲೆ, ಮೊದಲಿನ ಹಾಗೇ ಕಾಡಿಸುವ ಧಾಟಿಯಲ್ಲಿ, "ಮುಂದ ಮತ್ತೊಂದ ಪತ್ರ ಬಂತಂದ್ರ ಪೇಢೆ ಹಂಚಬ್ಯಾಡ, ಮೊದಲ ನನಗ ಓದಿ ಹೇಳು," ಎಂದಳು.

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಮಡಚಿದ ಸೀರೆಗಳಿಗೆ ಕಣ್ಣೀರು ತಾಗದಂತೆ ಅವನ್ನು ಅತ್ತ ಸರಿಸಿ, ಅಲ್ಲೇ ಕುಳಿತು ಅತ್ತೆ.