ಮಂಡಿನೋವಿನ ಹೊಸ ಮಾತ್ರೆ

ಎಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರದಲ್ಲಿ ನನ್ನ ಯಜಮಾನರು ಡಾಕ್ಟರು. ಕ್ಲಿನಿಕ್ಕು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹೆಂಗಸರು ಅಲ್ಲಿ ಅರ್ಧ ಕಾಯಿಲೆ ಹೇಳಿ, ಉಳಿದರ್ಧವನ್ನು ಹಿತ್ತಿಲ ಬಾಗಿಲಿಗೆ ಬಂದು ನನಗೆ ಹೇಳುತ್ತಿದ್ದರು. ಔಷಧಿ ಕೊಟ್ಟವರ ಎದುರಿಗೇ ಔಷಧಿ ಸರಿಯಿಲ್ಲ ಅನ್ನುವುದುಂಟೇ? ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಅಂದ ಹಾಗೆ.

ಒಂದು ಔಷಧಿ ಕಂಪನಿಯವರು ಮಂಡಿನೋವಿಗೆ ಹೊಸ ಮಾತ್ರೆ ತಂದರು. ರೋಗಿಗಳಿಗೆ ಪುಕ್ಕಟೆ ಕೊಟ್ಟು, ಗುಣ ಹೇಗಿದೆ ಎಂದು ಬರೆದುಕೊಡಬೇಕು. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಹಳ್ಳಿಗಾಡಿನ ಡಾಕ್ಟರನ್ನು ಯಾರು ಏನು ಕೇಳುತ್ತಾರೆ? ನನಗೂ ಖುಷಿಯೇ.

ಬುಕ್ಕಾಂಬುಧಿಯ ಅಜ್ಜಿಯೊಬ್ಬರು ಯಜಮಾನರ ಮುಂದೆ "ಬೋ ಚೆನ್ನಾಗೈತೆ ಸ್ವಾಮಿ" ಎಂದು ಕೈಮುಗಿದು, ನೆಟ್ಟಗೆ ಹಿತ್ತಿಲಿಗೆ ಬಂದರು. "ಮಂಡಿ ವಾಸಿ ಕಣ್ರವ್ವ, ಹೊಟ್ಟೆ ಮಾತ್ರ ಬೆಂಕಿ ಬಿದ್ದಂಗೆ ಉರೀತೈತೆ. ಮಾತ್ರೆ ಬಿಟ್ಬಿಟ್ಟೆ. ಅವರಿಗೆ ಹೇಳ್ಬ್ಯಾಡಿ, ಬೇಜಾರು ಮಾಡ್ಕೊಂಡಾರು."

ಹೇಳದೆ ಇರುವವಳೇ ನಾನು? ಊಟಕ್ಕೆ ಕೂತಾಗ ಹೇಳಿದೆ. ಮಾರನೆಯ ದಿನದಿಂದ ಅವರು ಎಲ್ಲರನ್ನೂ ಕೆದಕಿ ಕೇಳಿದರು. ಹೊಟ್ಟೆ ಉರಿದು ಮಾತ್ರೆ ಬಿಟ್ಟವರು ಇನ್ನೂ ಹಲವರು ಸಿಕ್ಕರು. ಅದನ್ನೆಲ್ಲ ಬರೆದೇ ಕೊಟ್ಟರು.

ಕಂಪನಿಯ ರೆಪ್ರೆಸೆಂಟೇಟಿವ್ ಒಳ್ಳೆಯ ಮನುಷ್ಯ, ಬಿಸಿಲಲ್ಲಿ ಕಡೂರಿನಿಂದ ಬಸ್ಸು ಹತ್ತಿ ಬರುತ್ತಿದ್ದರು. "ಸಾರ್, ಪೂರ್ತಿ ತಗೊಂಡೋರನ್ನ ಮಾತ್ರ ಹಿಡೀತಾರೆ. ಮಧ್ಯ ಬಿಟ್ಟೋರು ಲೆಕ್ಕಕ್ಕೆ ಬರಲ್ಲ, ಮೇಲಿನವರ ರೂಲ್ಸು," ಎಂದರು. ಯಜಮಾನರು ವಾದ ಮಾಡಿದರು. ಆ ರೆಪ್ರೆಸೆಂಟೇಟಿವ್ ಆದರೂ ಪಾಪ, ಏನು ಮಾಡಿಯಾರು? ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಕೆಲವು ತಿಂಗಳಿಗೆ ಕಂಪನಿಯ ವರದಿ ನುಣುಪು ಕಾಗದದಲ್ಲಿ ಅಚ್ಚಾಗಿ ಬಂತು: ಮಾತ್ರೆ ಪೂರ್ತಿ ತೆಗೆದುಕೊಂಡ ಯಾರಿಗೂ ತೊಂದರೆಯಾಗಿಲ್ಲ. ತೊಂದರೆಯಾದವರು ಪೂರ್ತಿ ತೆಗೆದುಕೊಂಡಿದ್ದರೆ ತಾನೆ! ಕೆಳಗೆ ಯಜಮಾನರ ಹೆಸರು ಬೇರೆ. ಕಂಪನಿಗೆ ಸಿಟ್ಟಿನಿಂದ ಬರೆದರು, ಉತ್ತರ ಬರಲಿಲ್ಲ. ಅವರು ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಬುಕ್ಕಾಂಬುಧಿಯ ಅಜ್ಜಿ ಮತ್ತೆ ಬಂದರು. ತರೀಕೆರೆಯಲ್ಲಿದ್ದ ಅವರ ತಂಗಿಗೂ ಅಲ್ಲಿನ ಡಾಕ್ಟರು ಆ ಕಾಗದ ನೋಡಿ ಅದೇ ಮಾತ್ರೆ ಕೊಟ್ಟಿದ್ದರಂತೆ. ತಂಗಿ ಸೊರಗಿ ಕಡ್ಡಿಯಾಗಿದ್ದಾರಂತೆ. "ಬ್ಯಾಡ ಕಣೇ ಅಂದ್ರೆ ಕೇಳಲ್ಲ ಕಣ್ರವ್ವ. ನಿಮ್ಮ ಯಜಮಾನ್ರೇ ಚೆನ್ನಾಗೈತೆ ಅಂದವ್ರಂತೆ."

ಯಜಮಾನರು ಕಾದಿದ್ದ ರೋಗಿಗಳಿಗೆ ಸಂಜೆ ಬನ್ನಿ ಎಂದು ಹೇಳಿ, ಅಜ್ಜಿಯನ್ನೂ ನನ್ನನ್ನೂ ಹೊರಡಿಸಿಕೊಂಡು ತರೀಕೆರೆ ಬಸ್ಸು ಹತ್ತಿದರು. ಆ ತಂಗಿ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಹೊಟ್ಟೆ ಉರಿಯುತ್ತದೆಯೇ ಎಂದು ಯಜಮಾನರು ಕೇಳಿದರು.

"ಉರೀತೈತೆ ಸ್ವಾಮಿ. ಖಾರ ಬಿಟ್ಟೆ, ಹುಳಿ ಬಿಟ್ಟೆ, ಈಗ ಬರೀ ಗಂಜಿ."

"ಮಾತ್ರೆ ಯಾಕೆ ಬಿಡಲಿಲ್ಲ ತಾಯಿ?"

"ಯಾರ್ಗೂ ಏನೂ ಆಗಿಲ್ಲ ಅಂದ್ರಲ್ಲ ಸ್ವಾಮಿ. ನನ್ನ ಹೊಟ್ಟೇನೇ ಸರಿ ಇಲ್ಲ ಅಂದ್ಕೊಂಡೆ," ಎಂದು ಆಕೆ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು.