ಸಡಿಲ ತಿರುಪಿನ ಮೂಗುತಿ

ನನ್ನ ಎಡ ಮೂಗು ಕಟ್ಟಿಕೊಂಡು ಆರು ತಿಂಗಳಾಗಿತ್ತು, ಆಗಾಗ ರಕ್ತವೂ ಬರುತ್ತಿತ್ತು. ನಾವು ಮಾತ್ರ ಡಾಕ್ಟರ ಬಳಿ ಹೋಗದೆ ಬಂಗಾರದ ಕೆಲಸದ ಪತ್ತಾರರ ಅಂಗಡಿಗೆ ಅಲೆಯುತ್ತಿದ್ದೆವು. ತಪ್ಪೆಲ್ಲ ಮೂಗುತಿಯದೇ ಎಂಬುದು ಅತ್ತೆಯ ತೀರ್ಮಾನ. ನಾನೂ ಅದಕ್ಕೆ ತಲೆಯಾಡಿಸಿದ್ದೆ. ಕಾಗವಾಡದ ಪತ್ತಾರರು ಮೊದಲ ಸಲ ತಿರುಪು ಬದಲಿಸಿದರು, ಎರಡನೆಯ ಸಲ ಮೂಗುತಿಯನ್ನೇ ಬದಲಿಸಿದರು. ಬದಲಿಸುವ ಎರಡು ನಿಮಿಷವೂ ಮೂಗು ಬರಿದಾಗಬಾರದೆಂದು ಅತ್ತೆ ತೂತಿಗೆ ಬೇವಿನ ಕಡ್ಡಿ ಇಡಿಸಿದ್ದರು. ಮುತ್ತೈದೆಯ ಮೂಗು ಬರಿದಾದರೆ ಗಂಡನಿಗೆ ಕೇಡಂತೆ. ಆ ಗಂಡ ಆಗ ಹೊರಗೆ ಮೋಟಾರ್ ಸೈಕಲ್ ಮೇಲೆ ಕೂತು ಆರಾಮವಾಗಿ ಭಜಿ ತಿನ್ನುತ್ತಿದ್ದರು.

ಮೂರನೆಯ ಸಲ ಪತ್ತಾರರೇ ಕೈಮುಗಿದರು. ಇದು ಬಂಗಾರದಿಂದ ಆದದ್ದಲ್ಲ, ಮಿರಜಿಗೆ ಹೋಗಿ ತೋರಿಸಿ ಎಂದರು. ಅವರ ಹೊಟ್ಟೆ ತಣ್ಣಗಿರಲಿ.

ಮಿರಜಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಮೂಗಿನೊಳಗಿಂದ ಕೆನ್ನೆಯ ಎಲುಬಿನ ಪೊಳ್ಳಿನವರೆಗೂ ಗಡ್ಡೆ ಬೆಳೆದಿತ್ತು. ಮುಖ ಕೊಯ್ಯುವುದಿಲ್ಲ, ಹೊಳ್ಳೆಯೊಳಗಿಂದಲೇ ದುರ್ಬೀನು ಹಾಕಿ ತೆಗೆಯುತ್ತೇವೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಪೂರ್ತಿ ಗಡ್ಡೆ ತಪಾಸಣೆ ಮಾಡಿದ ಮೇಲೆಯೇ ಖಾತ್ರಿ ಎಂದರು. ಆಪರೇಶನ್ ಹೊತ್ತಿಗೆ ಮೂಗಿನಲ್ಲಿ ಮಾತ್ರ ಏನೂ ಇರಕೂಡದಂತೆ. ಅತ್ತೆ ಬೇವಿನ ಕಡ್ಡಿಯ ಮಾತೆತ್ತಿದರು. ಅದೂ ಆಗದು ಎಂದಾಗ ಅವರ ಮುಖ ಸಪ್ಪಗಾಯಿತು. ನನಗೋ ಮೈಯೆಲ್ಲ ಉರಿದುಹೋಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಸಾಯುವ ಭಯ ನನಗೆ, ಇವರಿಗೆ ಮಗನ ಚಿಂತೆ ಎಂದು ಮೂರು ದಿನ ಮಾತು ಬಿಟ್ಟೆ.

ಆಪರೇಶನ್ನಿನ ಬೆಳಿಗ್ಗೆ ಮೂಗುತಿ ತೆಗೆಯಲು ನರ್ಸ್ ಬಂದಾಗ ಅತ್ತೆ ಅಡ್ಡ ಬಂದರು. ನಾನು ಜಗಳಕ್ಕೆ ಸಿದ್ಧಳಾದೆ. ಆದರೆ ಅವರು ಮಂಚದ ಮೇಲೆ ಕೂತು ತಾವೇ ತಿರುಪು ಬಿಚ್ಚತೊಡಗಿದರು. ಮಾವ ತೀರಿಕೊಂಡಾಗ ಬರಿದಾದ ಅವರ ಮೂಗು ನನ್ನ ಕಣ್ಣೆದುರೇ ಇತ್ತು.

“ನಂದು ಅವರು ಹೋದ ದಿನಾ ತಗದ್ರವಾ. ನಿಂದು ನೀ ಉಳೀಲಿ ಅಂತ ನಾನ ತಗೀತೇನಿ” ಎಂದರು.

ಮೂಗುತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮೂರು ದಿನದ ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು.

ವರದಿ ಬರಲು ಎಂಟು ದಿನ ಹಿಡಿಯಿತು. ಕ್ಯಾನ್ಸರ್ ಆಗಿರಲಿಲ್ಲ. ಇಂಥ ಗಡ್ಡೆ ಮತ್ತೆ ಬೆಳೆಯುವುದುಂಟು, ಆಗಾಗ ತಪಾಸಣೆಗೆ ಬರಬೇಕು ಎಂದರು ಡಾಕ್ಟರು. ಎಷ್ಟು ಸಲ ಬೇಕಾದರೂ ಬರುತ್ತೇನೆ ಎಂದೆ. ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ನನಗೆ ಮಾತ್ರ ಎಲ್ಲಿಲ್ಲದ ಹಸಿವಾಯಿತು. ತಿಂಗಳೊಪ್ಪತ್ತಿನ ಮೇಲೆ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣಿಗೆ ಹಾಕುವ ಗಂಧಕದ ಹೊಗೆಯ ಘಾಟು ಎರಡೂ ಹೊಳ್ಳೆಗೆ ಹೊಡೆದಾಗ, ಕೆಮ್ಮುತ್ತಲೇ ನಕ್ಕೆ.

ಒಳಗಿನ ಗಾಯ ಮಾಯುವವರೆಗೆ ಮೂಗುತಿ ಇಡುವಂತಿರಲಿಲ್ಲ, ನಾಲ್ಕು ತಿಂಗಳಿಗೆ ತೂತು ಕೂಡಿಕೊಂಡಿತ್ತು. ಅದೇ ಪತ್ತಾರರು ಮತ್ತೆ ಚುಚ್ಚಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಮೂಗುತಿ ಕೊಟ್ಟು, ಗಂಡ ಇಲ್ಲದ ತಾನು ಇಡಬಾರದೆಂದು ಹಿಂದೆ ಸರಿದರು. ತೆಗೆದ ಕೈಯೇ ಇಡಬೇಕು ಎಂದು ನಾನು ಹಟ ಹಿಡಿದೆ. ಕೊನೆಗೆ ಅವರೇ ಇಟ್ಟರು. ಪತ್ತಾರರು ತಿರುಪು ಬಿಗಿ ಮಾಡಲು ಬಂದಾಗ ಅತ್ತೆ ಅವರ ಕೈ ತಡೆದರು.

“ಭಾಳ ಬಿಗಿ ಮಾಡಬ್ಯಾಡ್ರಿ. ತಪಾಸಣಿಗೆ ಹೋದಾಗ ನನಗ ತಗಿಯಾಕ ಬರಬೇಕು.”