ಗಡಿಕಲ್ಲಿಗೆ ಎರಡು ಹಾರ

ಮಿಷಿಗನ್ನಿನ ಟ್ರಾಯ್ ಊರಿನ ಮನೆಗೆ ಬಂದ ಮೇಲಿನ ಮೊದಲ ಚಳಿಗಾಲ. ಫೆಬ್ರವರಿ ಕೊನೆಯ ವಾರದ ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿದರು. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಅದುವರೆಗೆ ನಮ್ಮದು ಡ್ರೈವ್‌ವೇಯ ಹಿಮ ತೆಗೆಯುವಾಗ ಕೈ ಬೀಸುವಷ್ಟೇ ಪರಿಚಯ.

"ನಾಳೆ ಬೆಳಿಗ್ಗೆ ಹಿತ್ತಿಲಿನ ಗಡಿಗೆ ಬರುತ್ತೀರಾ? ಒಂದು ಹೂವಿನ ಹಾರ ತನ್ನಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಾಚೀನ ರೋಮನ್ನರಿಗೆ ಟರ್ಮಿನಸ್ ಎಂಬ ಗಡಿದೇವರಿದ್ದನಂತೆ. ಅವನ ಹಬ್ಬವನ್ನು ಇವರು ಪ್ರತಿ ವರ್ಷ ಮಾಡುತ್ತಾರಂತೆ. "ನಮ್ಮಿಬ್ಬರ ನಡುವಿನ ಗಡಿಕಲ್ಲಿನ ಎರಡೂ ಕಡೆಯವರು ಬರಬೇಕು. ಒಬ್ಬರೇ ಮಾಡುವ ಹಬ್ಬವಲ್ಲ ಇದು."

ಅವರು ಹೋದ ಮೇಲೆ ನನ್ನ ಗಂಡನಿಗೆ ಅನುಮಾನ. "ನಮ್ಮ ಶೆಡ್ ಅವರ ಜಾಗಕ್ಕೆ ಬಂದಿದೆ ಅಂತ ಏನಾದ್ರೂ ಶುರು ಮಾಡ್ತಾರೇನೋ, ನೋಡು."

"ಅದಕ್ಕೆ ಹಾರ ಯಾಕ್ರೀ ಬೇಕು?" ಎಂದೆ.

ಅಂಗಡಿಯಿಂದ ತಂದ ಸೇವಂತಿಗೆ ಪೋಣಿಸುತ್ತಾ ಕುಳಿತಿದ್ದಾಗ ಮಗಳು, "ಅಮ್ಮಾ, ಈಸ್ ದಿಸ್ ಈವನ್ ಅವರ್ ಗಾಡ್?" ಎಂದಳು. ದಾರದ ತುದಿ ಹಿಡಿದುಕೋ ಎಂದು ಅವಳ ಕೈಗೆ ಕೊಟ್ಟೆ.

ಬೆಳಿಗ್ಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಮೈ ಕೊರೆಯುವ ಚಳಿ. ಮೊಣಕಾಲೆತ್ತರದ ಒರಟು ಕಲ್ಲಿನ ಸುತ್ತ ಹಿರಿಯರು ಹಿಮ ಬಿಡಿಸಿಟ್ಟಿದ್ದರು. ರೋಮನ್ ಪೂಜಾರಿಗಳಂತೆ ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದಿದ್ದರು. ಅವರ ಹೆಂಡತಿ ಒಲೆಗೂಡಿನ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತಂದು ಕಲ್ಲಿನ ಬುಡದಲ್ಲಿಟ್ಟರು. ಹಿರಿಯರು ತಮ್ಮ ಕಡೆಯಿಂದ ಹಾರ ಹಾಕಿದರು. ನಾನು ನಮ್ಮ ಕಡೆಯಿಂದ ಹಾಕಿದೆ. ಗೋಧಿ ತುಂಬಿದ ಪುಟ್ಟ ಬುಟ್ಟಿಯನ್ನು ಅವರು ನನ್ನ ಮಗಳಿಗೆ ಕೊಟ್ಟು, ಮೂರು ಸಲ ಬೆಂಕಿಗೆ ಹಾಕು ಎಂದರು. ಯಾರೂ ಹೇಳದೆಯೇ ಅವಳು ಗ್ಲೌಸ್ ಕಳಚಿದಳು.

ಆಮೇಲೆ ಅವರು ಲ್ಯಾಟಿನ್‌ನಲ್ಲಿ ಪ್ರಾರ್ಥನೆ ಶುರು ಮಾಡಿದರು. ಒಂದು ಪದವೂ ತಿಳಿಯಲಿಲ್ಲ, ಆದರೂ ಮೈ ಜುಮ್ಮೆಂದಿತು. ಎರಡು ಸಾವಿರ ವರ್ಷದ ಹಿಂದೆ ಯಾರೋ ಇಬ್ಬರು ನೆರೆಯವರು ತಮ್ಮ ಹೊಲದ ಬದುವಿನಲ್ಲಿ ಹೀಗೇ ನಿಂತಿದ್ದಿರಬೇಕು. ಈಗ ನಾವು ನಿಂತಿದ್ದೆವು, ಬೂಟ್ಸ್ ಹಾಕಿಕೊಂಡು, ಮಿಷಿಗನ್ನಿನ ಹಿಮದಲ್ಲಿ.

ಪ್ರಾರ್ಥನೆ ಮುಗಿದ ಮೇಲೆ ಅವರು ಒಂದು ಕಥೆ ಹೇಳಿದರು. ದೇವರಾಜ ಜುಪಿಟರನಿಗೆ ಗುಡಿ ಕಟ್ಟಬೇಕಾದಾಗ ಅಲ್ಲಿದ್ದ ಬೇರೆ ದೇವರುಗಳು ಜಾಗ ಬಿಟ್ಟುಕೊಟ್ಟರು. ಟರ್ಮಿನಸ್ ಮಾತ್ರ ಕದಲಲಿಲ್ಲ. ಕೊನೆಗೆ ಅವನನ್ನು ಒಳಗಿಟ್ಟುಕೊಂಡೇ ಗುಡಿ ಕಟ್ಟಿದರು. ಅವನಿಗೆ ಆಕಾಶ ಕಾಣಲೇಬೇಕೆಂದು ಛಾವಣಿಯಲ್ಲಿ ಒಂದು ಕಂಡಿ ಬಿಟ್ಟರು.

ನನ್ನ ಗಂಡ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಟೋಪಿ ತೆಗೆದು, ಬಗ್ಗಿ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆ ದಂಪತಿಯನ್ನು ಉಪ್ಪಿಟ್ಟಿಗೆ ಒಳಗೆ ಕರೆದೆವು. ತಿನ್ನುತ್ತಾ ಆಕೆ ಹೇಳಿದರು: "ಹಿಂದಿನವರು ಈ ಮನೆ ಮಾರಿದಾಗಿನಿಂದ ಇವರಿಗೆ ಒಂದೇ ಚಿಂತೆ. ಇನ್ನು ಆ ಕಡೆ ಯಾರು ನಿಲ್ಲುತ್ತಾರೆ ಅಂತ."

ಹಿರಿಯರು ಸಂಕೋಚದಿಂದ ನಕ್ಕು ತಟ್ಟೆ ಮುಂದೆ ಹಿಡಿದರು. ನಾನು ಇನ್ನಷ್ಟು ಬಡಿಸಿದೆ. ಕಿಟಕಿಯಾಚೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಬಾಣಲೆಯ ಸುತ್ತ ಹಿಮ ಕರಗಿ, ಎರಡೂ ಕಡೆಯ ಹುಲ್ಲು ಒಂದೇ ಸಮನೆ ಕಾಣತೊಡಗಿತ್ತು.